ಬಂದರಿನ ತನಕ ನಾವೇ ಹೋಗಬೇಕು: ಖಾರ್ತೂಮಿನಿಂದ ಹೊರಬಂದ ನನ್ನ ಅನುಭವ

ಪರದೇಶದಲ್ಲಿ ಯುದ್ಧ ಶುರುವಾದರೆ ನಮ್ಮ ಸರ್ಕಾರ ಹಡಗು ಕಳಿಸುತ್ತದೆ, ವಿಮಾನ ಕಳಿಸುತ್ತದೆ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಹಡಗು ಬರುವುದು ಬಂದರಿಗೆ. ನೀವು ಕೆಲಸಗಾರರು ಇರುವ ಕ್ಯಾಂಪಿನ ಗೇಟಿಗಲ್ಲ. ಗೇಟಿನಿಂದ ಬಂದರಿನ ತನಕದ ದಾರಿಯನ್ನು ನಾವೇ ಯೋಚನೆ ಮಾಡಿಟ್ಟುಕೊಳ್ಳಬೇಕು. ಸುಡಾನಿನ ರಾಜಧಾನಿ ಖಾರ್ತೂಮಿನಲ್ಲಿದ್ದಾಗ ನಾನು ಇದನ್ನೇ ಹೇಳಿ ಹೇಳಿ ಸಾಕಾಗಿದ್ದೆ. ಕಂಪನಿಯವರು ಒಪ್ಪಲಿಲ್ಲ, ಜೊತೆಗಿದ್ದವರು ಒಪ್ಪಲಿಲ್ಲ. ಕಾರಟಗಿಯಲ್ಲಿರುವ ನಮ್ಮ ಮಾವನವರೂ ಫೋನಿನಲ್ಲಿ ಬೈದರು. ಕೊನೆಗೆ 2023ರ ಏಪ್ರಿಲ್‌ನಲ್ಲಿ ಮೂವತ್ತನಾಲ್ಕು ಜನ ಒಂದೇ ಬಸ್ಸಿನಲ್ಲಿ ಹೊರಟು, ಒಬ್ಬರಿಗೂ ಗಾಯವಾಗದೆ ಕೆಂಪು ಸಮುದ್ರದ ಬಂದರು ಪೋರ್ಟ್ ಸುಡಾನ್ ಮುಟ್ಟಿದೆವು. ಗಲ್ಫ್‌ನಲ್ಲಿ, ಇಸ್ರೇಲ್‌ನಲ್ಲಿ, ಆಫ್ರಿಕಾದಲ್ಲಿ ಕ್ಯಾಂಪ್ ನೋಡಿಕೊಳ್ಳುವ ನಮ್ಮ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಹಾಜರಿ ಪಟ್ಟಿ, ರಾಯಭಾರ ಕಚೇರಿಯ ನೋಂದಣಿ, ಪರದೇಶದಲ್ಲಿರುವವರು ದೂರು ಕೊಡುವ ಸರ್ಕಾರದ ಮದದ್ ಪೋರ್ಟಲ್, ಇವೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ನಾನಿದ್ದದ್ದು ಖಾರ್ತೂಮಿನ ಉತ್ತರದ ಬಹ್ರಿಯಲ್ಲಿ, ಒಂದು ಕಾರ್ಖಾನೆಯ ಎಲೆಕ್ಟ್ರಿಕಲ್ ಮೇಂಟೆನೆನ್ಸ್‌ನಲ್ಲಿ. ಅದಕ್ಕೂ ಮುಂಚೆ ಕಾರಟಗಿಯ ರೈಸ್ ಮಿಲ್ಲುಗಳಲ್ಲಿ ಮೋಟರ್ ಕೆಲಸ. 2021ರ ಅಕ್ಟೋಬರ್ 25ಕ್ಕೆ ಅಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಅವತ್ತು ಹೋದ ಇಂಟರ್‌ನೆಟ್ ಮತ್ತೆ ಬಂದದ್ದು ನವೆಂಬರ್ ಮಧ್ಯ ದಾಟಿದ ಮೇಲೆ. ಮೂರು ವಾರಕ್ಕೂ ಜಾಸ್ತಿ ವಾಟ್ಸಾಪ್ ಇಲ್ಲ, ಊರಿಗೆ ಸುದ್ದಿ ಇಲ್ಲ. ಆಗಲೇ ನಾನು ಹೊರಡುವ ತಯಾರಿ ಶುರು ಮಾಡಿದೆ.

ಮೊದಲು ನೋಡಿದ್ದು ಸೇತುವೆ. ಖಾರ್ತೂಮ್, ಒಮ್ದುರ್ಮಾನ್, ಬಹ್ರಿ ಮೂರೂ ನೈಲ್ ನದಿ ಕೂಡುವ ಕಡೆ ಇರುವ ಊರುಗಳು. ನಡುವೆ ಸೇತುವೆಗಳು. ಗಲಾಟೆ ಆದರೆ ಮೊದಲು ಮುಚ್ಚುವುದು ಸೇತುವೆಯನ್ನೇ. ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ಗಂಗಾವತಿಯವರು ಸುತ್ತು ಹಾಕುವುದನ್ನು ಸಣ್ಣಂದಿನಿಂದ ನೋಡಿದವನು ನಾನು. ಅಲ್ಲಿ ಸುತ್ತು ಹಾಕುವುದಕ್ಕೂ ದಾರಿ ಇರಲ್ಲ. ಬಹ್ರಿಯಿಂದ ಶೆಂಡಿ, ಅತ್ಬರಾ ಕಡೆ ಹೋಗುವ ರಸ್ತೆ ಮಾತ್ರ ನದಿಯ ನಮ್ಮ ದಡದಲ್ಲೇ ಇತ್ತು. ಖಾರ್ತೂಮಿನ ಒಂದು ಸೇತುವೆಯನ್ನೂ ದಾಟದೆ ಅತ್ಬರಾ, ಅಲ್ಲಿಂದ ಹೈಯಾ, ಆಮೇಲೆ ಪೋರ್ಟ್ ಸುಡಾನ್. ಒಟ್ಟು ಎಂಟುನೂರು ಕಿಲೋಮೀಟರ್ ಮೇಲೆ. ಖಾರ್ತೂಮಿನೊಳಗಿದ್ದ ಎಷ್ಟೋ ಜನ ದಕ್ಷಿಣಕ್ಕೆ ಮದನಿ ಅನ್ನುವ ಊರಿನ ಮೇಲೆ ಸುತ್ತಿ ಬರಬೇಕಾಯಿತು. ಆ ದಾರಿ ಇನ್ನೂ ಬಹಳ ಉದ್ದ.

ಎರಡನೇದು ಪಾಸ್‌ಪೋರ್ಟ್. ಇಲ್ಲೇ ನನ್ನ ಅರ್ಧ ಶಕ್ತಿ ಹೋಯಿತು. ಎಲ್ಲರ ಪಾಸ್‌ಪೋರ್ಟೂ ಹೆಡ್ ಆಫೀಸಿನ ತಿಜೋರಿಯಲ್ಲಿತ್ತು. ಆ ಆಫೀಸು ನದಿಯ ಆಚೆ, ಖಾರ್ತೂಮಿನ ನಡು ಊರಲ್ಲಿ. ಕೇಳಿದರೆ "ಕಳೆದುಹೋಗುತ್ತವೆ, ನಮ್ಮ ಹತ್ತಿರವೇ ಇರಲಿ" ಅಂದರು. ಹಲವು ತಿಂಗಳು ಬೆನ್ನು ಬಿಡಲಿಲ್ಲ. ಕೊನೆಗೆ ಒಂದು ರಿಜಿಸ್ಟರ್ ಮಾಡಿ, ಪ್ರತಿಯೊಬ್ಬರ ಸಹಿ ಹಾಕಿಸಿ, ನನ್ನ ಜವಾಬ್ದಾರಿ ಮೇಲೆ ಕ್ಯಾಂಪಿನ ಕಬ್ಬಿಣದ ಪೆಟ್ಟಿಗೆಗೆ ತರಿಸಿದೆ. ಅವರನ್ನು ಒಪ್ಪಿಸಿದ್ದು ಹೇಗೆ ಅಂತ ಇಲ್ಲಿ ಬರೆಯಲ್ಲ. ಇನ್ನೂ ಆ ಕಂಪನಿಯಲ್ಲಿ ಪಗಾರ ಬಾಕಿ ಇರುವ ಹುಡುಗರಿದ್ದಾರೆ. ಪಾಸ್‌ಪೋರ್ಟ್ ಇಲ್ಲದಿದ್ದರೂ ರಾಯಭಾರ ಕಚೇರಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ, ಊರಿಗೆ ಬರಬಹುದು. ಆದರೆ ದಾರಿಯಲ್ಲಿ ಬಂದೂಕು ಹಿಡಿದು ನಿಂತವನಿಗೆ ತೋರಿಸಲು ಕೈಯಲ್ಲಿ ಏನಾದರೂ ಬೇಕಲ್ವಾ? ನಮ್ಮ ಪಾಸ್‌ಪೋರ್ಟಿನ ಮೇಲಿನ ಸಿಂಹದ ಗುರುತು ನೋಡಿ "ಹಿಂದಿ, ಹಿಂದಿ" (ಅರಬ್ಬಿಯಲ್ಲಿ ಭಾರತದವರು) ಅಂತ ಬಿಟ್ಟುಕೊಟ್ಟ ಚೆಕ್‌ಪೋಸ್ಟ್‌ಗಳು ಬಹಳ.

ಪಾಸ್‌ಪೋರ್ಟಿನೊಳಗೇ ಹಳದಿ ಜ್ವರದ ಲಸಿಕೆ ಕಾರ್ಡು ರಬ್ಬರ್ ಬ್ಯಾಂಡ್ ಹಾಕಿ ಇಡಿಸಿದ್ದೆ. ಅದನ್ನು ನೋಡಿ ನಕ್ಕವರಿದ್ದರು. ಸುಡಾನಿನಿಂದ ನಮ್ಮವರನ್ನು ಕರೆತರಲು ಸರ್ಕಾರ ನಡೆಸಿದ ಆಪರೇಷನ್ ಕಾವೇರಿಯಲ್ಲಿ ವಾಪಸ್ ಬಂದವರಲ್ಲಿ ಲಸಿಕೆ ಆಗಿರದ ನೂರಕ್ಕೂ ಹೆಚ್ಚು ಜನರನ್ನು ನಮ್ಮ ದೇಶದಲ್ಲೇ ಕ್ವಾರಂಟೈನ್‌ನಲ್ಲಿ ಇಟ್ಟರು. ನಿಯಮದ ಪ್ರಕಾರ ಅದು ಆರು ದಿನದ ತನಕ ಇರಬಹುದು. ನಮ್ಮ ಗುಂಪಿನವರು ಏರ್‌ಪೋರ್ಟಿನಿಂದ ಸೀದಾ ಬಸ್ ಸ್ಟ್ಯಾಂಡಿಗೆ ಹೋದರು.

ಇನ್ನು ದುಡ್ಡು. ನಮ್ಮಲ್ಲಿ ಬಹಳ ಜನರ ಪಗಾರ ನಾನೂರೈವತ್ತರಿಂದ ಐನೂರು ಡಾಲರ್. ಅದರಲ್ಲಿ ತಿಂಗಳಿಗೆ ಹದಿನೈದು ಡಾಲರ್ ಪೆಟ್ಟಿಗೆಗೆ ಹಾಕಿ ಅಂದೆ. "ಅಣ್ಣಾ, ಸುಮ್ನೆ ಹೆದರಿಸಾಕ ಹತ್ತೀರಿ ನೀವು. ಮನ್ಯಾಗ ನೂರಕ್ಕ ಮೂರು ರೂಪಾಯಿ ಬಡ್ಡಿ ಕಟ್ಟಾಕ ಹತ್ತೀನಿ, ಇಲ್ಲಿ ನಿಮ್ಮ ಡಬ್ಬಿಗೆ ಹಾಕ್ಲೇನು?" ಅಂತ ಸಿಂಧನೂರಿನ ಹುಡುಗನೊಬ್ಬ ಎಲ್ಲರ ಮುಂದೆ ಕೇಳಿದ. ಅವನ ಮಾತು ನಿಜವೇ. ಏಜೆಂಟಿಗೆ ಕೊಡಲು ಒಂದೂವರೆ ಲಕ್ಷ ಕೈಗಡ ಮಾಡಿ ಬಂದವನು ಅವನು. ಅವನಂಥವರಿಗೆ ಐದು ಡಾಲರ್ ಮಾಡಿ, ಉಳಿದದ್ದನ್ನು ನಾವು ಸೀನಿಯರ್‌ಗಳು ಹಂಚಿಕೊಂಡೆವು. ಒಂದು ವರ್ಷದ ಮೇಲೆ ಪೆಟ್ಟಿಗೆಯಲ್ಲಿ ಹೆಚ್ಚುಕಡಿಮೆ ಆರು ಸಾವಿರ ಡಾಲರ್ ಆಯಿತು. ಎಲ್ಲ ನಗದು, ಎಲ್ಲ ಹೊಸ ನೀಲಿ ಪಟ್ಟಿಯ ನೂರರ ನೋಟು. ಹಳೇ ನೋಟನ್ನು ಅಲ್ಲಿ ಯಾರೂ ಸರಿಯಾದ ರೇಟಿಗೆ ತೆಗೆದುಕೊಳ್ಳಲ್ಲ. ಬ್ಯಾಂಕಿನ ಆ್ಯಪ್ ನಂಬಿಕೊಂಡವರ ಗತಿ ಯುದ್ಧದ ಮೊದಲ ವಾರದಲ್ಲೇ ಗೊತ್ತಾಯಿತು. ನೆಟ್‌ವರ್ಕ್ ಇಲ್ಲ, ಬ್ಯಾಂಕ್ ಬಾಗಿಲು ಮುಚ್ಚಿತ್ತು.

ದುಡ್ಡಿನ ವಿಷಯದಲ್ಲಿ ಇನ್ನೊಂದು ಇದೆ, ಇದು ಎಲ್ಲಕ್ಕಿಂತ ದೊಡ್ಡದು. ಜನ ಯುದ್ಧದ ಜಾಗ ಬಿಟ್ಟು ಹೊರಡದಿರುವುದು ಧೈರ್ಯಕ್ಕಲ್ಲ, ಬಾಕಿ ಪಗಾರಕ್ಕೆ. ಮೂರು ನಾಲ್ಕು ತಿಂಗಳ ಪಗಾರ ಬರಬೇಕಿದ್ದರೆ ಯಾವನೂ ಬಸ್ ಹತ್ತಲ್ಲ. "ಇನ್ನೊಂದು ವಾರ ನೋಡೋಣ" ಅಂತಾನೆ. ಅದಕ್ಕೇ ಬಾಕಿ ಒಂದು ತಿಂಗಳು ದಾಟಬಾರದು ಅಂತ ನಾನು ಪ್ರತಿ ತಿಂಗಳೂ ಅಕೌಂಟ್ಸ್‌ನವರ ಟೇಬಲ್ ಮುಂದೆ ಕೂತಿರುತ್ತಿದ್ದೆ. ಬಂದ ಪಗಾರವನ್ನು ಅದೇ ವಾರ ಊರಿಗೆ ಕಳಿಸಲು ಹೇಳುತ್ತಿದ್ದೆ. ನಕಾಶೆ, ಬಸ್ಸು, ಡೀಸೆಲ್ ಎಲ್ಲ ಇದರ ನಂತರ.

ಬಸ್ಸಿನ ಕಥೆ ಸುಲಭವಾಗಿರಲಿಲ್ಲ. ಮೊದಲ ಡ್ರೈವರ್ ಮುನ್ನೂರು ಡಾಲರ್ ಮುಂಗಡ ತೆಗೆದುಕೊಂಡು ಫೋನ್ ನಂಬರನ್ನೇ ಬದಲಾಯಿಸಿದ. ಎರಡನೆಯವನ ಗಾಡಿ ಟ್ರಯಲ್‌ಗೆ ಅಂತ ಶೆಂಡಿ ರಸ್ತೆಯಲ್ಲಿ ಹೋದಾಗ ಬಿಸಿಯಾಗಿ ನಿಂತಿತು. ಮೂರನೆಯವನು ಅತ್ಬರಾದವನು. ಅವನ ಹೆಂಡತಿ ಮಕ್ಕಳು ಅಲ್ಲೇ. ಗಲಾಟೆ ಆದರೆ ಅವನೂ ಅದೇ ದಾರಿಯಲ್ಲಿ ಮನೆಗೆ ಓಡಬೇಕು. ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ನಿಮ್ಮ ದಾರಿಯಲ್ಲೇ ಮನೆ ಇರುವ ಡ್ರೈವರ್‌ನನ್ನು ಹುಡುಕಿ. ಅವನಿಗೆ ತಿಂಗಳಿಗೆ ಮೂವತ್ತು ನಲವತ್ತು ಡಾಲರ್ ಸುಮ್ಮನೆ ಕೊಡುತ್ತಿದ್ದೆವು. ದುಡ್ಡು ದಂಡ ಅಂತ ಕ್ಯಾಂಪಿನಲ್ಲಿ ಜಗಳವೇ ಆಗಿತ್ತು. ಕೊನೆಗೆ ಬಸ್ಸಿಗೆ ಕೊಟ್ಟದ್ದು ನಾಲ್ಕು ಸಾವಿರದ ಆಸುಪಾಸು. ನಮಗಿಂತ ಕೆಲವು ದಿನ ತಡವಾಗಿ ಬಸ್ ಹುಡುಕಿದ ಪರಿಚಯದವರಿಗೆ ಅದರ ಮೂರು ಪಟ್ಟು ಕೇಳಿದ್ದರು.

ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದ ತಮ್ಮ ಲ್ಯಾಂಡ್ ಕ್ರೂಸರ್ ಕೊಡುತ್ತೇನೆ ಅಂದರು. ಬೇಡ ಅಂದೆ. ಹೋರಾಡುವವರಿಗೆ ಬೇಕಾಗುವ ಗಾಡಿಯೇ ಅದು, ಪಿಕಪ್ಪೂ ಹಾಗೇ. ದಾರಿಯಲ್ಲೇ ಕಿತ್ತುಕೊಳ್ಳುತ್ತಾರೆ. ಬಣ್ಣ ಹೋದ ಹಳೇ ಬಸ್ಸನ್ನು ಯಾರೂ ಕಣ್ಣೆತ್ತಿ ನೋಡಲ್ಲ.

ಡೀಸೆಲ್ ಜನರೇಟರ್ ಟ್ಯಾಂಕಿನಿಂದ ತೆಗೆದು ಕ್ಯಾನ್‌ಗಳಲ್ಲಿ ಇಡುತ್ತಿದ್ದೆ. ಹಳೆಯದನ್ನು ಜನರೇಟರಿಗೆ ವಾಪಸ್ ಸುರಿದು ಹೊಸದನ್ನು ತುಂಬುವುದು, ಹೀಗೆ ತಿರುಗಿಸುತ್ತಲೇ ಇರಬೇಕು. ಪ್ಲಾಸ್ಟಿಕ್ ಕ್ಯಾನ್ ಅಲ್ಲಿನ ಬಿಸಿಲಿಗೆ ಉಬ್ಬಿ ಸೋರಿತು. ಕಬ್ಬಿಣದ್ದೇ ಬೇಕು.

ಸಂಪರ್ಕಕ್ಕೆ ಅಂತ ಮಾಡಿದ ಪ್ರಯೋಗಗಳಲ್ಲಿ ಬಹಳಷ್ಟು ಕೆಲಸಕ್ಕೆ ಬರಲಿಲ್ಲ. ಇಂಟರ್‌ನೆಟ್ ಇಲ್ಲದಿದ್ದರೂ ಬ್ಲೂಟೂತ್‌ನಲ್ಲಿ ಮೆಸೇಜ್ ಹೋಗುವ ಬ್ರಯರ್ ಆ್ಯಪ್ ಎಲ್ಲರ ಫೋನಿಗೂ ಹಾಕಿಸಿದೆ. ಒಂದು ರೂಮಿನಿಂದ ಪಕ್ಕದ ರೂಮಿಗೆ ಹೋಗುತ್ತಿತ್ತು, ನಡುವೆ ಎರಡು ಗೋಡೆ ಬಂದರೆ ಇಲ್ಲ. ವಾಕಿಟಾಕಿ ತರಿಸೋಣ ಅಂತ ಇಬ್ಬರು ಹಟ ಹಿಡಿದರು. ಚೆಕ್‌ಪೋಸ್ಟಿನಲ್ಲಿ ವಾಕಿಟಾಕಿ ಸಿಕ್ಕರೆ ಗೂಢಚಾರ ಅಂತಾರೆ, ಬೇಡವೇ ಬೇಡ ಅಂದೆ. ನಿಂತದ್ದು ಹಳೇ ಪದ್ಧತಿ: ಎರಡು ಕಂಪನಿಯ ಸಿಮ್, ಮಾಮೂಲಿ ಎಸ್ಸೆಮ್ಮೆಸ್, ಕಾರಟಗಿಯಲ್ಲಿ ನನ್ನ ತಮ್ಮ. ನಾನು ಅವನಿಗೊಂದು ಮೆಸೇಜ್ ಹಾಕಿದರೆ ಅವನು ಮೂವತ್ತನಾಲ್ಕು ಮನೆಗೂ ಫೋನ್ ಮಾಡುತ್ತಿದ್ದ, ನಮ್ಮ ಜೊತೆಗಿದ್ದ ಬಿಹಾರದವರ ಮನೆಗಳಿಗೂ. ಮನೆಯವರ ಫೋನಿಗೆ ನಮ್ಮ ಬ್ಯಾಟರಿ ಖಾಲಿ ಆಗುವುದು ಇದರಿಂದ ನಿಂತಿತು.

ಊಟದ ಪ್ರಯೋಗ ಮಾತ್ರ ನಾನು ಎದೆ ತಟ್ಟಿ ಹೇಳುತ್ತೇನೆ. ಸುಡಾನಿನವರೂ ಜೋಳ ತಿನ್ನುವ ಜನ. ದುರಾ ಅಂತಾರೆ, ಅದರ ಹಿಟ್ಟು ಹುದುಗಿಸಿ ಕಿಸ್ರಾ ಅಂತ ತೆಳ್ಳಗೆ ಹುಯ್ಯುತ್ತಾರೆ. ಫೆತರೀತಾ ಅನ್ನುವ ಜಾತಿ ತಂದು ರೊಟ್ಟಿ ಬಡಿದೆವು. ಬಣ್ಣ ಕಪ್ಪಾಯಿತು, ಒಗರು ಬಂತು. ಬಿಳಿ ದುರಾ ಸರಿಹೋಯಿತು. ಕುದಿಯುವ ನೀರಲ್ಲಿ ಹಿಟ್ಟು ನಾದಿ, ಆದಷ್ಟು ತೆಳ್ಳಗೆ ಬಡಿದು, ಹಂಚಿನಿಂದ ತೆಗೆದ ಮೇಲೆ ಸಣ್ಣ ಉರಿಯ ಸುತ್ತ ನಿಲ್ಲಿಸಿ ಒಣಗಿಸಿದರೆ ಖಡಕ್ ರೊಟ್ಟಿ. ತಿಂಗಳುಗಟ್ಟಲೆ ಕೆಡಲ್ಲ. ಅಲ್ಲಿ ಶೇಂಗಾಕ್ಕೆ ಬರವಿಲ್ಲ, ಬ್ಯಾಡಗಿ ಮೆಣಸಿನಕಾಯಿ ಊರಿಂದ ಬಂದದ್ದಿತ್ತು. ಶೇಂಗಾ ಪುಡಿ ಕುಟ್ಟಿ ಡಬ್ಬಿ ತುಂಬಿದೆವು. ಬಸ್ಸಿನ ಕುಲುಕಾಟಕ್ಕೆ ಪುಡಿಯಾಗದಂತೆ ರೊಟ್ಟಿಯನ್ನು ಬಟ್ಟೆಯಲ್ಲಿ ಬಿಗಿದು ತಗಡಿನ ಡಬ್ಬಿಯಲ್ಲಿ ಇಡಬೇಕು. ಬಿಸ್ಕತ್ ನಂಬಿಕೊಂಡು ಬಂದ ಬೇರೆ ಬಸ್ಸಿನವರಿಗೂ ಅತ್ಬರಾದಲ್ಲಿ ನಾವೇ ಹಂಚಿದೆವು.

ಹೊರಡುವುದು ಯಾವಾಗ ಅಂತ ಮೊದಲೇ ಬರೆದಿಟ್ಟಿದ್ದೆ. ಏರ್‌ಪೋರ್ಟ್ ಮುಚ್ಚಬೇಕು, ಬ್ಯಾಂಕ್ ಮುಚ್ಚಬೇಕು, ಮತ್ತೆ ಮೂರನೇ ಸೂಚನೆ ಒಂದು. ಆ ಮೂರನೆಯದು ನಮ್ಮ ಬೀದಿಗೆ ಸಂಬಂಧಿಸಿದ್ದು. ನಿಮ್ಮ ಬೀದಿಯದ್ದನ್ನು ನೀವೇ ಕಂಡುಕೊಳ್ಳಬೇಕು. ಏಪ್ರಿಲ್ 15ರ ಶನಿವಾರ ಬೆಳಿಗ್ಗೆ ಸೈನ್ಯಕ್ಕೂ ಆರ್‌ಎಸ್‌ಎಫ್ ಅನ್ನುವ ಅರೆಸೈನಿಕ ಪಡೆಗೂ ನಡುವೆ ಗುಂಡು ಶುರುವಾಯಿತು, ಏರ್‌ಪೋರ್ಟ್ ಅವತ್ತೇ ಹೋಯಿತು. ಆದರೂ ನಾವು ತಕ್ಷಣ ಹೊರಡಲಿಲ್ಲ. ರಾಯಭಾರ ಕಚೇರಿ ಹೊರಗೆ ಬರಬೇಡಿ ಅಂದಿತ್ತು, ಮೊದಲ ದಿನಗಳಿಗೆ ಅದೇ ಸರಿ. ಕೇರಳದ ಒಬ್ಬರು ತಮ್ಮ ಮನೆಯೊಳಗೇ ಗುಂಡು ತಾಗಿ ತೀರಿಕೊಂಡರು. ಎಲ್ಲರನ್ನೂ ಕಿಟಕಿ ಇಲ್ಲದ, ಕಟ್ಟಡದೊಳಗಿನ ನಡು ಓಣಿಯಲ್ಲಿ ಮಲಗಿಸಿದೆ. ಬಹ್ರಿಯಲ್ಲಿ ನೀರು ನಿಂತಿತು, ಕರೆಂಟೂ ಹೋಯಿತು. ಡ್ರಮ್ಮಿನ ನೀರು ಅಳೆದು ಕೊಟ್ಟೆ.

ರಂಜಾನ್ ಹಬ್ಬದ ಹೊತ್ತಿಗೆ ಕದನವಿರಾಮದ ಮಾತು ಬಂತು. ಪೂರ್ತಿ ನಿಲ್ಲಲಿಲ್ಲ, ಆದರೆ ಸದ್ದು ತಗ್ಗಿತು. ಬೆಳಗಿನ ನಮಾಜ್ ಮುಗಿದ ಮೇಲೆ ಹೊರಟೆವು. ಹಿಂದಿನ ರಾತ್ರಿ ಎಲ್ಲರ ಫೋನೂ ನಾನೇ ನೋಡಿದೆ. ಟ್ಯಾಂಕು, ಹೊಗೆ, ಸೈನಿಕರ ಫೋಟೋ, ಫಾರ್ವರ್ಡ್ ಬಂದ ವಿಡಿಯೋ ಎಲ್ಲ ಅಳಿಸಿಸಿದೆ. ಚೆಕ್‌ಪೋಸ್ಟ್‌ಗಳಲ್ಲಿ ಗ್ಯಾಲರಿ ತೆಗೆಸಿ ನೋಡಿಯೇ ನೋಡಿದರು. ಬಹ್ರಿಯ ಉತ್ತರಕ್ಕಿರುವ ಅಲ್-ಜೈಲಿಯ ತೈಲ ರಿಫೈನರಿ ದಾಟುವ ತನಕ ಬಸ್ಸಿನಲ್ಲಿ ಮಾತಿಲ್ಲ. ಒಂದು ಕಡೆ ಎಲ್ಲರನ್ನೂ ಇಳಿಸಿ ಚೀಲ ಬಿಚ್ಚಿಸಿದರು. ರೊಟ್ಟಿ ಡಬ್ಬಿ ತೆಗೆದು, ಒಂದು ತುಂಡು ಮುರಿದು ನೋಡಿ, ಮುಚ್ಚಿಟ್ಟರು. ಎರಡು ಒಳ್ಳೆಯ ಫೋನು ಹೋದವು. ದುಡ್ಡು ಸಿಗಲಿಲ್ಲ. ಅದನ್ನು ಎಲ್ಲಿ ಇಟ್ಟಿದ್ದೆ ಅಂತ ಇವತ್ತಿಗೂ ನಮ್ಮ ಗುಂಪಿನಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ರಾತ್ರಿ ಅತ್ಬರಾದಲ್ಲಿ ಡ್ರೈವರ್ ಮನೆಯ ಅಂಗಳದಲ್ಲಿ ಮಲಗಿದೆವು. ಪೋರ್ಟ್ ಸುಡಾನ್ ಮುಟ್ಟಿದಾಗ ಆಪರೇಷನ್ ಕಾವೇರಿ ಆಗಷ್ಟೇ ಶುರುವಾಗುತ್ತಿತ್ತು. ನಮ್ಮ ಹಾಗೆ ಮೊದಲೇ ಬಂದು ಸೇರಿದ್ದವರು ಸುಮಾರು ಐನೂರು ಜನ. ಏಪ್ರಿಲ್ 25ಕ್ಕೆ ನಮ್ಮ ನೌಕಾಪಡೆಯ ಹಡಗು ಐಎನ್ಎಸ್ ಸುಮೇಧಾ ಮೊದಲ ತಂಡ ಹೊತ್ತು ಸೌದಿಯ ಜೆಡ್ಡಾಕ್ಕೆ ಹೊರಟಿತು. ಅಲ್ಲಿಂದ ಮುಂದೆ ನಮ್ಮ ನೌಕಾಪಡೆ, ಜೆಡ್ಡಾದ ಇಂಡಿಯನ್ ಸ್ಕೂಲಿನಲ್ಲಿ ಹಾಸಿಗೆ, ಊಟ, ವಿಮಾನ. ಒಂದು ಪೈಸೆ ಖರ್ಚಿಲ್ಲ. ಪೆಟ್ಟಿಗೆಯಲ್ಲಿ ಉಳಿದದ್ದನ್ನು ಫೋನು ಕಳೆದುಕೊಂಡ ಇಬ್ಬರಿಗೆ ಮೊದಲು ಕೊಟ್ಟು, ಮಿಕ್ಕಿದ್ದನ್ನು ಹಂಚಿದೆವು.

ಈ ವಿಧಾನ ಎಲ್ಲ ಕಡೆ ನಡೆಯಲ್ಲ. ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಅಲ್-ಫಾಶಿರ್‌ನಲ್ಲಿ ಸಿಕ್ಕಿಕೊಂಡಿದ್ದರು. ಅದು ದೂರದ ಪಶ್ಚಿಮ. ಅಲ್ಲಿಂದ ಬಸ್ಸಿನಲ್ಲಿ ಯುದ್ಧವನ್ನು ಸೀಳಿಕೊಂಡು ಬರುವುದು ಆಗದ ಮಾತು. ಅವರು ಅನುಭವಿಸಿದ ಕಷ್ಟ ನೆನೆದರೆ ನನಗೆ ಈಗಲೂ ಸಂಕಟ. ಆದರೆ 1990ರಲ್ಲಿ ಕುವೈತಿನಿಂದ ಬಂದ ಲಕ್ಷಕ್ಕೂ ಹೆಚ್ಚು ನಮ್ಮವರಲ್ಲಿ ಬಹುಪಾಲು ಜನ ಬಾಗ್ದಾದ್ ಮೇಲೆ ರಸ್ತೆಯಲ್ಲಿ ಅಮ್ಮಾನ್ ತಲುಪಿದ ಮೇಲೇ ಏರ್ ಇಂಡಿಯಾ ಹತ್ತಿದ್ದು. 2022ರಲ್ಲಿ ಉಕ್ರೇನಿನಲ್ಲಿ ಓದುತ್ತಿದ್ದ ನಮ್ಮ ಹುಡುಗರಿಗೂ ರೈಲು ಹಿಡಿದು, ನಡೆದು, ಗಡಿ ದಾಟಿದ ಮೇಲೇ ವಿಮಾನ ಸಿಕ್ಕಿದ್ದು.

ನನ್ನ ಅಳಿಯ ಈಗ ದೋಹಾದಲ್ಲಿದ್ದಾನೆ. 2025ರ ಜೂನ್ 23ರ ರಾತ್ರಿ ಇರಾನ್ ಅಲ್ಲಿನ ಅಲ್ ಉದೈದ್ ಅನ್ನುವ ಅಮೆರಿಕದ ಸೇನಾ ನೆಲೆಯ ಮೇಲೆ ಕ್ಷಿಪಣಿ ಹಾರಿಸಿದಾಗ ಕತಾರಿನ ಆಕಾಶ ಮುಚ್ಚಿತ್ತು. ಅವತ್ತೇ ಫೋನ್ ಮಾಡಿ "ಮಾವಾ, ಆ ಪೆಟ್ಟಿಗೆ ಲೆಕ್ಕ ನಮಗೂ ಹೇಳ್ರಿ" ಅಂದ. ಅಲ್ಲಿ ರಸ್ತೆ ಒಂದೇ: ಅಬು ಸಮ್ರಾ ಗಡಿ ದಾಟಿ ಸೌದಿಯ ಸಲ್ವಾ. ದೂರ ಕಡಿಮೆ, ಡೀಸೆಲ್ ಚಿಂತೆ ಇಲ್ಲ. ತೊಡಕಿರುವುದು ವೀಸಾದಲ್ಲಿ. ಗಲ್ಫ್‌ನ ರೆಸಿಡೆನ್ಸಿ ಇದ್ದವರಿಗೆ ಸೌದಿ ಇ-ವೀಸಾ ಸಿಗುತ್ತದೆ, ಆದರೆ ರೆಸಿಡೆನ್ಸಿಗೆ ಕನಿಷ್ಠ ಮೂರು ತಿಂಗಳು ಅವಧಿ ಬಾಕಿ ಇರಬೇಕು. ಅವನ ರೂಮಿನಲ್ಲಿ ಇಬ್ಬರದ್ದು ಮುಗಿಯಲು ಬಂದಿದೆ. ಬಸ್ಸು, ಡ್ರೈವರ್ ಎಲ್ಲ ಆಮೇಲೆ, ಮೊದಲು ಅದನ್ನು ರಿನ್ಯೂ ಮಾಡಿಸಿ ಅಂತ ಹೇಳಿದ್ದೇನೆ.