'ಬ್ಯೂಟಿಫುಲ್' ತೆಗೆದು ಏನು ಹಾಕುವುದು?

ಇಂಗ್ಲಿಷ್ ಬರಹ ತಿದ್ದುವಾಗ ನಾನು ಹೆಚ್ಚು ಸಲ ತಡೆದು ನಿಲ್ಲುವುದು 'ಬ್ಯೂಟಿಫುಲ್' ಮತ್ತು 'ಸರ್‌ಪ್ರೈಸ್ಡ್' ಬಂದ ಕಡೆ. ಎರಡೂ ಒಳ್ಳೆಯ ಪದಗಳೇ. ಒಂದೇ ಪುಟದಲ್ಲಿ ಮೂರು ನಾಲ್ಕು ಸಲ ತಲೆ ಹಾಕಿದರೆ ಮಾತ್ರ ಬದಲಿ ಹುಡುಕುತ್ತೇನೆ. ಆಗಲೂ ಮೊದಲು ನೋಡುವುದು ಆ ಪದವನ್ನಲ್ಲ, ಅದರ ಪಕ್ಕದ ನಾಮಪದವನ್ನು.

ನಾಮಪದ ಯಾವುದೆಂದು ಗೊತ್ತಾದರೆ ಬದಲಿ ಪದಗಳ ಅರ್ಧ ಪಟ್ಟಿ ತಾನಾಗಿ ಉದುರಿಹೋಗುತ್ತದೆ. 'ಪಿಕ್ಚರೆಸ್ಕ್' ಹಳ್ಳಿಗೆ, ಬಂದರಿಗೆ, ಕಣಿವೆಗೆ ಸರಿ, ಮನುಷ್ಯರಿಗೆ ಹೊಂದದು. 'ಸೀನಿಕ್' ದಾರಿಗೆ, ರೈಲು ಪ್ರಯಾಣಕ್ಕೆ. 'ಎಕ್ಸ್‌ಕ್ವಿಸಿಟ್' ಕುಸುರಿ ಕೆಲಸದ ಪದ: ಕಸೂತಿ, ಒಡವೆ, ಸಣ್ಣ ಕೆತ್ತನೆ. ಅದನ್ನು ಬೆಟ್ಟಕ್ಕೆ ಹಚ್ಚಿದರೆ ಬೆಟ್ಟ ಅಂಗೈಯಷ್ಟಾಗುತ್ತದೆ. 'ಎಲಿಗಂಟ್' ಅಂದರೆ ಹೆಚ್ಚುವರಿ ಏನೂ ಇಲ್ಲದ ಅಂದ, ಹಾಗಾಗಿ ಉಡುಪಿಗೂ ಬರುತ್ತದೆ, ಗಣಿತದ ಪರಿಹಾರಕ್ಕೂ ಬರುತ್ತದೆ. 'ಹ್ಯಾಂಡ್ಸಮ್' ಗಂಡಸರಿಗಷ್ಟೇ ಮೀಸಲು ಎಂದುಕೊಂಡವರು ಬಹಳ. ಕಟ್ಟಡ, ಮರದ ಬೀರು, ಕುದುರೆ ಎಲ್ಲಕ್ಕೂ ಅದು ನಡೆಯುತ್ತದೆ; ಹೆಂಗಸಿಗೆ ಹೇಳಿದರೆ ಗಂಭೀರವಾದ, ಎದ್ದು ಕಾಣುವ ಮುಖಲಕ್ಷಣ ಎಂದರ್ಥ. 'ಹ್ಯಾಂಡ್ಸಮ್ ಪ್ರಾಫಿಟ್' ಎಂದರೆ ಭರ್ಜರಿ ಲಾಭ, ಅಂದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

'ಪ್ರಿಟಿ' ಕೈಕೊಡುವ ಪದ. ಇನ್ನೊಂದು ಗುಣವಾಚಕದ ಮುಂಚೆ ಬಂದರೆ ಅದು ಅಂದವನ್ನು ಬಿಟ್ಟು 'ಸಾಕಷ್ಟು' ಆಗಿಬಿಡುತ್ತದೆ. 'ಎ ಪ್ರಿಟಿ ಓಲ್ಡ್ ಹೌಸ್' ಎಂದು ಬರೆದರೆ ಚೆಂದದ ಹಳೆ ಮನೆಯೋ, ಸಾಕಷ್ಟು ಹಳೆಯ ಮನೆಯೋ? ಓದುವವರು ಸಾಮಾನ್ಯವಾಗಿ ಎರಡನೆಯದನ್ನೇ ಹಿಡಿಯುತ್ತಾರೆ. ನಾನು ಅಲ್ಲಿ 'ಲವ್ಲಿ' ಹಾಕುತ್ತೇನೆ. ಆದರೆ 'ಲವ್ಲಿ' ಕೊನೆಯ 'ಲಿ' ನೋಡಿ ಅದನ್ನು ಕ್ರಿಯಾವಿಶೇಷಣ ಎಂದುಕೊಳ್ಳಬಾರದು: 'ಶಿ ಸಿಂಗ್ಸ್ ಬ್ಯೂಟಿಫುಲಿ' ಸರಿ, 'ಶಿ ಸಿಂಗ್ಸ್ ಲವ್ಲಿ' ಶಿಷ್ಟ ಬರಹದಲ್ಲಿ ತಪ್ಪು.

ಎರಡನೆಯದು 'ವೆರಿ' ಪರೀಕ್ಷೆ. 'ವೆರಿ ಬ್ಯೂಟಿಫುಲ್', 'ವೆರಿ ಸರ್‌ಪ್ರೈಸ್ಡ್' ಸಲೀಸು. 'ಗಾರ್ಜಿಯಸ್', 'ಸ್ಟನ್ನಿಂಗ್', 'ಅಸ್ಟೌಂಡೆಡ್' ಮುಂತಾದವು ಆಗಲೇ ತುದಿ ಮುಟ್ಟಿದ ಪದಗಳು. ಅವುಗಳ ಮುಂದೆ 'ವೆರಿ' ಕಿವಿಗೆ ಒಗ್ಗುವುದಿಲ್ಲ, 'ಆಬ್ಸಲ್ಯೂಟ್ಲಿ' ಬೇಕು. ಬದಲಿ ಪದ ಹಾಕಿ ಹಿಂದಿನ 'ವೆರಿ'ಯನ್ನು ಹಾಗೇ ಬಿಡುವುದೇ ನಾನು ಕಾಣುವ ಅತಿ ಸಾಮಾನ್ಯ ತಪ್ಪು.

ಅಚ್ಚರಿಯ ಪದಗಳಲ್ಲಿ ತೀವ್ರತೆಗಿಂತ ಮನಸ್ಸಿಗೆ ಏನಾಯಿತು ಎಂಬುದನ್ನು ನೋಡಬೇಕು. ಸದ್ದಿಗೆ ಬೆಚ್ಚಿಬಿದ್ದರೆ 'ಸ್ಟಾರ್ಟಲ್ಡ್'. ಅದು ಕ್ಷಣದ ಮಾತು, ದಿನಗಟ್ಟಲೆ ಯಾರೂ 'ಸ್ಟಾರ್ಟಲ್ಡ್' ಆಗಿರುವುದಿಲ್ಲ. ಎಣಿಸಿದ್ದು ತಪ್ಪಿದರೆ 'ಸರ್‌ಪ್ರೈಸ್ಡ್', ಒಳ್ಳೆಯದಾದರೂ ಕೆಟ್ಟದಾದರೂ. 'ಅಮೇಜ್ಡ್'ನಲ್ಲಿ ಹೆಚ್ಚಾಗಿ ಮೆಚ್ಚುಗೆ ಬೆರೆತಿರುತ್ತದೆ. ನಂಬಲಾಗದಷ್ಟು ಆದರೆ 'ಅಸ್ಟಾನಿಶ್ಡ್'. ಯಾರೋ ಒರಟಾಗಿ ಕೇಳಿದ್ದಕ್ಕೆ ಕಸಿವಿಸಿಯಾದರೆ 'ಟೇಕನ್ ಅಬ್ಯಾಕ್'. 'ಶಾಕ್ ಆಯ್ತು' ಎಂದು ನಾವು ಸಿಹಿಸುದ್ದಿಗೂ ಹೇಳಿಬಿಡುತ್ತೇವೆ, ಇಂಗ್ಲಿಷಿನ 'ಶಾಕ್ಡ್' ಬಹುತೇಕ ಕೆಟ್ಟ ಸುದ್ದಿಯ ಕಡೆಗೇ ವಾಲುತ್ತದೆ. 'ಫ್ಲಾಬರ್‌ಗಾಸ್ಟೆಡ್' ಹರಟೆಯ ಪದ. ವರದಿಯಲ್ಲಿ ಹಾಕಿದರೆ ಓದುವವರು ನಗುತ್ತಾರೆ.

'ವಂಡರ್' ಹತ್ತಿರ ಇನ್ನೂ ಜಾಗ್ರತೆ ಬೇಕು. 'ಐ ವಂಡರ್ಡ್ ವೈ' ಎಂದರೆ 'ಯಾಕಿರಬಹುದು' ಎಂದು ಯೋಚಿಸಿದೆ ಎಂದಷ್ಟೇ. ಬೆರಗು ಬೇಕಾದರೆ 'ವಂಡರ್ಡ್ ಅಟ್'. 'ವಂಡರ್‌ಫುಲ್', 'ಮಾರ್ವೆಲಸ್' ಬೆರಗನ್ನು ಕಳೆದುಕೊಂಡು 'ಬಹಳ ಚೆನ್ನಾಗಿದೆ' ಆಗಿ ಎಷ್ಟೋ ಕಾಲವಾಯಿತು. ವಿಚಿತ್ರ ಅಪಘಾತವೊಂದಕ್ಕೆ 'ವಂಡರ್‌ಫುಲ್' ಹಾಕಿದವರಿದ್ದಾರೆ.

ಅಂದ ಮತ್ತು ಅಚ್ಚರಿ ಎರಡನ್ನೂ ಹೊರುವ ಪದಗಳು ಕೆಲವಿವೆ. 'ಸ್ಟನ್' ಎಂದರೆ ಮೂಲದಲ್ಲಿ ಪೆಟ್ಟು ಕೊಟ್ಟು ಪ್ರಜ್ಞೆ ತಪ್ಪಿಸುವುದು. 'ಶಿ ವಾಸ್ ಸ್ಟನ್ಡ್' ಎಂದರೆ ಆಕೆ ದಂಗಾದಳು, 'ಶಿ ವಾಸ್ ಸ್ಟನ್ನಿಂಗ್' ಎಂದರೆ ನೋಡಿದವರು ದಂಗಾದರು. ಒಂದು ಪ್ರತ್ಯಯಕ್ಕೆ ವಾಕ್ಯವೇ ತಿರುಗುತ್ತದೆ. 'ಬ್ರೆತ್‌ಟೇಕಿಂಗ್' ನೋಟಕ್ಕೂ ಸೈ, ದುರಹಂಕಾರಕ್ಕೂ ಸೈ.

ಪದ ಬದಲಾದರೆ ಅದರ ಬಾಲವನ್ನೂ ನೋಡುತ್ತೇನೆ. 'ಸರ್‌ಪ್ರೈಸ್ಡ್' ಜೊತೆ 'ಅಟ್' ಅಥವಾ 'ಬೈ'. 'ಸರ್‌ಪ್ರೈಸ್ಡ್ ಹರ್ ವಿತ್' ಬಂದರೆ ಮುಂದೆ ಉಡುಗೊರೆಯಂಥದ್ದೇನಾದರೂ ಬರಬೇಕು. 'ಟು ಮೈ ಸರ್‌ಪ್ರೈಸ್' ಜಾಗದಲ್ಲಿ 'ಅಸ್ಟಾನಿಶ್‌ಮೆಂಟ್' ಕೂರುತ್ತದೆ, 'ವಂಡರ್' ಕೂರುವುದಿಲ್ಲ. ಅದಕ್ಕೆ 'ಇನ್ ವಂಡರ್' ಎಂಬ ಬೇರೆ ಕಟ್ಟು ಇದೆ.

ಥೆಸಾರಸ್, ಅಂದರೆ ಹತ್ತಿರದ ಅರ್ಥದ ಪದಗಳ ಕೋಶ, ತೆರೆಯುವುದು ಇಷ್ಟೆಲ್ಲ ಆದ ಮೇಲೆ. 1852ರಲ್ಲಿ ಪೀಟರ್ ಮಾರ್ಕ್ ರೋಜೆ ಪ್ರಕಟಿಸಿದ ಥೆಸಾರಸ್ ಪದಗಳನ್ನು ವಿಚಾರದ ಗುಂಪುಗಳಲ್ಲಿ ಜೋಡಿಸಿತ್ತು. ಒಂದು ಗುಂಪಿನಲ್ಲಿರುವ ಪದಗಳು ನೆರೆಹೊರೆಯವು, ಅದಲುಬದಲಿನವಲ್ಲ. ಅಲ್ಲಿಂದ ಎರಡು ಮೂರು ಪದ ಎತ್ತಿಕೊಂಡು, ಕಲಿಯುವವರ ನಿಘಂಟಿನಲ್ಲಿ ಉದಾಹರಣೆ ವಾಕ್ಯಗಳನ್ನು ಮಾತ್ರ ಓದುತ್ತೇನೆ. ಅನುಮಾನ ಉಳಿದರೆ, ಜನ ನಿಜವಾಗಿ ಬರೆದ, ಆಡಿದ ಇಂಗ್ಲಿಷನ್ನು ಕಲೆಹಾಕಿದ 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಗುಣವಾಚಕ, ನಾಮಪದ ಎರಡನ್ನೂ ಜೋಡಿಯಾಗಿ ಹುಡುಕುತ್ತೇನೆ. ಜೋಡಿ ಸಿಗದಿದ್ದರೆ ಪದ ಎಷ್ಟೇ ಚೆಂದವಿದ್ದರೂ ಬಿಡುತ್ತೇನೆ. ಆ ಕಾರ್ಪಸ್ 20ನೇ ಶತಮಾನದ ಕೊನೆಯ ಭಾಗದ್ದು, 'ಆಸಮ್' ತರಹದ ಈಗಿನ ಮಾತಿಗೆ ಅದನ್ನು ನಂಬುವಂತಿಲ್ಲ.

'ವಿ ವರ್ ವೆರಿ ಸರ್‌ಪ್ರೈಸ್ಡ್ ಟು ಸೀ ದ ಬ್ಯೂಟಿಫುಲ್ ವಾಟರ್‌ಫಾಲ್' ಎಂಬ ವಾಕ್ಯ ತೆಗೆದುಕೊಳ್ಳಿ. ಜಲಪಾತ ನೋಡಿ ಉಸಿರು ನಿಂತಂತಾಯಿತು ಎಂಬುದು ಆಶಯವಾದರೆ 'ದ ವಾಟರ್‌ಫಾಲ್ ವಾಸ್ ಬ್ರೆತ್‌ಟೇಕಿಂಗ್' ಸಾಕು, ಎರಡು ಪದದ ಕೆಲಸ ಒಂದರಲ್ಲಿ ಮುಗಿಯಿತು. ಅಲ್ಲಿ ಜಲಪಾತ ಇದೆಯೆಂದೇ ಗೊತ್ತಿರಲಿಲ್ಲ ಎಂಬುದು ಆಶಯವಾದರೆ 'ಸರ್‌ಪ್ರೈಸ್ಡ್' ಉಳಿಯಲಿ, 'ದ' ಹೋಗಿ 'ಎ' ಬರಲಿ, 'ಬ್ಯೂಟಿಫುಲ್' ಹೋಗಲಿ. ಯಾವುದು ಆಶಯ ಎಂದು ಬರೆದವರನ್ನೇ ಕೇಳಿಬಿಡುತ್ತೇನೆ.