ಅಲಿಫ್ ಮೇಲಿನ ಹಂಝ: ಅರಬ್ಬಿ ಕ್ಯಾಟಲಾಗಿನಲ್ಲಿ ನನ್ನ ಅನುಭವ

ಕೊಲ್ಲಿಯ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅರಬ್ಬಿ ಪುಸ್ತಕಗಳ ಕ್ಯಾಟಲಾಗನ್ನು ಕೊಹಾ ಎಂಬ ಗ್ರಂಥಾಲಯ ತಂತ್ರಾಂಶಕ್ಕೆ ವರ್ಗಾಯಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಾಲ್ಯದಲ್ಲಿ ಭಟ್ಕಳದ ಮದರಸದಲ್ಲಿ ಓದಲು ಕಲಿತಿದ್ದರಿಂದ ಲಿಪಿಯ ಪರಿಚಯವಿತ್ತು. ಉಳಿದದ್ದನ್ನು ಈಜಿಪ್ಟಿನ ಸಹೋದ್ಯೋಗಿಯೊಬ್ಬರ ಪಕ್ಕದಲ್ಲಿ ಕುಳಿತು ಕಲಿತೆ.

ದಾಖಲೆ ತರಿಸಿಕೊಳ್ಳುವುದು ಸುಲಭವಾಗಿತ್ತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಿದ್ಧ ದಾಖಲೆ, ಪುಸ್ತಕದ ವಿವರಗಳನ್ನು ಸಂಖ್ಯೆಯುಳ್ಳ ಕ್ಷೇತ್ರಗಳಲ್ಲಿ ಬರೆಯುವ ಮಾರ್ಕ್ 21 ಎಂಬ ಮಾದರಿಯಲ್ಲಿ, ಗ್ರಂಥಾಲಯಗಳ ಗಣಕಗಳು ದಾಖಲೆ ಹುಡುಕಿ ತರಿಸಿಕೊಳ್ಳಲು ಬಳಸುವ ಝಡ್39.50 ಎಂಬ ವ್ಯವಸ್ಥೆಯ ಮೂಲಕ ನಿಮಿಷದೊಳಗೆ ಬರುತ್ತಿತ್ತು. ಆದರೆ ಅದರಲ್ಲಿ ಶೀರ್ಷಿಕೆಗೆ ಮೀಸಲಾದ 245ನೇ ಕ್ಷೇತ್ರದಲ್ಲಿ ಅರಬ್ಬಿ ಹೆಸರು ರೋಮನ್ ಲಿಪಿಯಲ್ಲಿರುತ್ತಿತ್ತು, ಅರಬ್ಬಿ ಲಿಪಿಯ ರೂಪ 880ನೇ ಕ್ಷೇತ್ರದಲ್ಲಿ ಜೋಡಿಯಾಗಿ ಇರುತ್ತಿತ್ತು. ನಮ್ಮ ವಿದ್ಯಾರ್ಥಿಗಳು ಹುಡುಕುತ್ತಿದ್ದುದು ಅರಬ್ಬಿಯಲ್ಲಿ; ಆದ್ದರಿಂದ 880ನ್ನು ಶೀರ್ಷಿಕೆಯ ಹುಡುಕಾಟಕ್ಕೆ ಬಳಸುವ ಸೂಚಿಗೆ ಸೇರಿಸುವುದೇ ನಮ್ಮ ಮೊದಲ ಕೆಲಸವಾಯಿತು.

ಒಂದು ದಿನ ವಿದ್ಯಾರ್ಥಿನಿಯೊಬ್ಬಳು ಅಹ್ಮದ್ ಎಂಬ ಲೇಖಕರ ಪುಸ್ತಕ ಇಲ್ಲವೆಂದು ಹೇಳಿದಳು. ಪುಸ್ತಕ ಕಪಾಟಿನಲ್ಲಿಯೇ ಇತ್ತು. ಅವಳು ಎಲ್ಲರೂ ಟೈಪ್ ಮಾಡುವಂತೆ ಅರಬ್ಬಿಯ ಮೊದಲ ಅಕ್ಷರವಾದ ಅಲಿಫ್ ಅನ್ನು ಬರಿದಾಗಿ ಒತ್ತಿದ್ದಳು, ದಾಖಲೆಯಲ್ಲಿ ಅಲಿಫ್ ಮೇಲೆ ಹಂಝ ಎಂಬ ಪುಟ್ಟ ಗುರುತಿತ್ತು. ಯಂತ್ರದ ಪಾಲಿಗೆ ಅವೆರಡೂ ಬೇರೆ ಅಕ್ಷರಗಳು. ಹಂಝ ಮೇಲಿರುವ, ಕೆಳಗಿರುವ, ದೀರ್ಘ ಸ್ವರದ ಗುರುತಾದ ಮದ್ದ್ ಇರುವ ಅಲಿಫ್‌ಗಳನ್ನೆಲ್ಲ ಹುಡುಕಾಟದ ಮಟ್ಟಿಗೆ ಒಂದೇ ಎಂದು ಎಣಿಸುವ ನಿಯಮಗಳನ್ನು ಕೊಹಾ ಹುಡುಕಾಟಕ್ಕೆ ಬಳಸುವ ಝೀಬ್ರಾ ಎಂಬ ತಂತ್ರಾಂಶದ ಐಸಿಯು ಎಂಬ ಅಕ್ಷರ-ನಿಯಮಗಳ ಕಡತದಲ್ಲಿ ಬರೆದು, ಇಡೀ ಸೂಚಿಯನ್ನು ರಾತ್ರಿಯಿಡೀ ಮರುನಿರ್ಮಿಸಿದೆವು. ದಾಖಲೆಯೊಳಗಿನ ಕಾಗುಣಿತವನ್ನು ಮಾತ್ರ ಮುಟ್ಟಲಿಲ್ಲ, ಅದು ಸರಿಯಾದ ನಿರ್ಧಾರವೆಂದು ಈಗಲೂ ನಂಬುತ್ತೇನೆ.

ಹೆಚ್ಚು ಕಾಡಿದ್ದು ‘ಅಲ್’. ಇಂಗ್ಲಿಷಿನ ‘ದ’ (the) ಇದ್ದಂತೆ ಶೀರ್ಷಿಕೆಯ ಆರಂಭದಲ್ಲಿ ಬರುವ ಈ ಉಪಪದವನ್ನು ಅಕಾರಾದಿಯಲ್ಲಿ ಲೆಕ್ಕಕ್ಕೆ ಹಿಡಿಯಬಾರದು; ಎಷ್ಟು ಅಕ್ಷರ ಬಿಡಬೇಕೆಂಬುದನ್ನು 245ರ ಎರಡನೇ ಸೂಚಕ, ಅಂದರೆ ಕ್ಷೇತ್ರದ ಆರಂಭದಲ್ಲಿ ಬರೆಯುವ ಎರಡನೇ ಅಂಕಿ, ತಿಳಿಸುತ್ತದೆ. ರೋಮನ್ ಲಿಪಿಯಲ್ಲಿ ಅಡ್ಡಗೆರೆಯೂ ಸೇರಿ 3, ಜೋಡಿ 880ರ ಅರಬ್ಬಿ ಲಿಪಿಯಲ್ಲಿ 2. ಹಳೆಯ ದಾಖಲೆಗಳಲ್ಲಿ ಎಲ್ಲೆಡೆ ಸೊನ್ನೆಯಿದ್ದು, ಅಸಂಖ್ಯ ಶೀರ್ಷಿಕೆಗಳು ಅಲಿಫ್ ಕೆಳಗೆ ರಾಶಿ ಬಿದ್ದಿದ್ದವು. ‘ಅಲ್’ನ ಎರಡು ಅಕ್ಷರಗಳಾದ ಅಲಿಫ್ ಲಾಮ್‌ನಿಂದ ಆರಂಭವಾಗುವ ಎಲ್ಲಕ್ಕೂ 2 ತುಂಬುವ ಪುಟ್ಟ ಪ್ರೋಗ್ರಾಂ ಬರೆಸೋಣವೆಂದು ನಾನು ಹೇಳಿದಾಗ, ಸಹೋದ್ಯೋಗಿ ಕಾಗದದ ಮೇಲೆ ‘ಅಲ್ವಾನ್’ ಎಂದು ಬರೆದು ತೋರಿಸಿದರು. ಬಣ್ಣಗಳು ಎಂಬರ್ಥದ ಈ ಪದದಲ್ಲಿ ‘ಅಲ್’ ಉಪಪದವಲ್ಲ, ಪದದ ಒಡಲೇ. ಹಂಝ ಬರೆದಿದ್ದರೆ ಯಂತ್ರಕ್ಕೂ ವ್ಯತ್ಯಾಸ ತಿಳಿಯುತ್ತಿತ್ತು. ಹಳೆಯ ದಾಖಲೆಗಳಲ್ಲಿ ಅದನ್ನೇ ಬಿಟ್ಟಿದ್ದರು. ಹೀಗಾಗಿ ಪ್ರೋಗ್ರಾಂ ಪಟ್ಟಿಯನ್ನಷ್ಟೇ ತೆಗೆದುಕೊಟ್ಟಿತು. ಸೂಚಕವನ್ನು ನಾವಿಬ್ಬರೂ ಒಂದೊಂದೇ ಶೀರ್ಷಿಕೆ ಓದಿ, ಅನುಮಾನ ಬಂದಲ್ಲಿ ಕಪಾಟಿಗೆ ಹೋಗಿ ಮುಖಪುಟ ನೋಡಿ ತುಂಬಿದೆವು.