ಸಿಸ್ಟಂ ಫೈಲ್ ಬದಲಾಗಿದೆ ಎಂಬ ಎಚ್ಚರಿಕೆ ಬಂದರೆ ಏನು ಮಾಡಬೇಕು?

ವಿಂಡೋಸ್ ಕಂಪ್ಯೂಟರಿನಲ್ಲಿ ಇಂಥ ಎಚ್ಚರಿಕೆ ಕಂಡೊಡನೆ ಕೆಲವರು ಗಾಬರಿಯಿಂದ ಫೈಲನ್ನೇ ಅಳಿಸುತ್ತಾರೆ, ಕೆಲವರು ಕಿರಿಕಿರಿ ತಪ್ಪಲೆಂದು ‘ಅಲೋ’ (ಅನುಮತಿಸು) ಒತ್ತಿಬಿಡುತ್ತಾರೆ. ಎರಡೂ ಬೇಡ.

ಮೊದಲು, ಎಚ್ಚರಿಕೆ ಅಸಲಿಯೇ ನೋಡಿ. ಬ್ರೌಸರ್‌ ಒಳಗೆ ಕಾಣಿಸಿಕೊಂಡು, ಕರೆ ಮಾಡಲು ಫೋನ್ ಸಂಖ್ಯೆ ಕೊಟ್ಟಿದ್ದರೆ ಅದು ವಂಚನೆ. ಮೈಕ್ರೋಸಾಫ್ಟ್‌ನ ಎಚ್ಚರಿಕೆಗಳಲ್ಲಿ ಫೋನ್ ಸಂಖ್ಯೆ ಇರುವುದೇ ಇಲ್ಲ. ಬ್ರೌಸರ್ ಮುಚ್ಚಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅಸಲಿಯಾದರೆ ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಪ್ರೊಟೆಕ್ಷನ್ ಹಿಸ್ಟರಿ’ ತೆರೆದು, ಕುತಂತ್ರಾಂಶದ ಹೆಸರನ್ನೂ ಫೈಲ್ ಇರುವ ಜಾಗವನ್ನೂ ಬರೆದಿಟ್ಟುಕೊಳ್ಳಿ. ಮುಂದಿನ ಹೆಜ್ಜೆ ನಿಂತಿರುವುದು ಈ ಎರಡರ ಮೇಲೆ.

ವಿಂಡೋಸ್‌ನಲ್ಲೇ ಇರುವ ಆಂಟಿವೈರಸ್ ಡಿಫೆಂಡರ್ ‘ಹೋಸ್ಟ್ಸ್‌ಫೈಲ್‌ಹೈಜಾಕ್’ ಎಂದು, ಅಂದರೆ ಹೋಸ್ಟ್ಸ್ ಫೈಲನ್ನು ತಿದ್ದಲಾಗಿದೆ ಎಂದು ಹೇಳಿದೆ ಎಂದುಕೊಳ್ಳಿ. ಸಿಸ್ಟಂ32 ಫೋಲ್ಡರಿನಲ್ಲಿ ಡ್ರೈವರ್ಸ್, ಅದರೊಳಗೆ ಇಟಿಸಿ (etc), ಅಲ್ಲಿ ಹೋಸ್ಟ್ಸ್ ಎಂಬ ಪುಟ್ಟ ಫೈಲ್ ಇದೆ. ಜಾಲತಾಣದ ವಿಳಾಸಕ್ಕಾಗಿ ಕಂಪ್ಯೂಟರ್ ಹೊರಗೆ ವಿಚಾರಿಸುವ ಮುನ್ನ ನೋಡುವುದು ಇದನ್ನೇ. ಹಾಗಾಗಿ ಇಲ್ಲಿ ಒಂದು ಸಾಲು ಸೇರಿಸಿದರೂ ಸಾಕು, ನೀವು ಬ್ಯಾಂಕಿನ ಹೆಸರು ಟೈಪಿಸಿದಾಗ ಕಳ್ಳರ ತಾಣ ತೆರೆದುಕೊಳ್ಳಬಹುದು.

ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಿ. # ಚಿಹ್ನೆಯಿಂದ ಆರಂಭವಾಗುವ ಸಾಲುಗಳು ಬರೀ ಟಿಪ್ಪಣಿ. ವಿಂಡೋಸ್ 10ರಲ್ಲಿ ಮೂಲತಃ ಇರುವುದು ಅಂಥವು ಮಾತ್ರ. ಉಳಿದ ಸಾಲುಗಳಿದ್ದರೆ ಯಾರೋ ಸೇರಿಸಿದ್ದಾರೆ. 0.0.0.0 ಅಥವಾ 127.0.0.1 ಎಂದಿದ್ದರೆ ಮುಂದಿರುವ ತಾಣವನ್ನು ತಡೆಯಲಾಗಿದೆ ಎಂದರ್ಥ. ಜಾಹೀರಾತು ತಡೆಯಲು ನೀವೇ ಹಾಕಿರಬಹುದು. ಪೈರೇಟೆಡ್ ತಂತ್ರಾಂಶವೂ ಹಾಕಿರಬಹುದು. ಮೈಕ್ರೋಸಾಫ್ಟ್ ಸರ್ವರ್‌ಗಳನ್ನು ತಡೆಯುವ ಸಾಲುಗಳನ್ನೂ ಡಿಫೆಂಡರ್ 2020ರಿಂದ ಅಪಾಯವೆಂದೇ ಗುರುತಿಸುತ್ತಿದೆ. ಆದರೆ ಆಂಟಿವೈರಸ್ ಕಂಪನಿಯ ತಾಣವನ್ನೇ ತಡೆದಿದ್ದರೆ ಅಥವಾ ಬ್ಯಾಂಕಿನ ಹೆಸರಿನ ಪಕ್ಕ ಅಪರಿಚಿತ ವಿಳಾಸವಿದ್ದರೆ ಸಂಶಯವೇ ಬೇಡ, ‘ರಿಮೂವ್’ ಒತ್ತಿ. ಡಿಫೆಂಡರ್ ಫೈಲನ್ನು ಮೂಲ ರೂಪಕ್ಕೆ ತರುತ್ತದೆ. ಬೇರೊಂದು ಸಾಧನದಿಂದ ಪಾಸ್‌ವರ್ಡ್ ಬದಲಿಸಿ.

ಸಾಲುಗಳು ನಿಮ್ಮವೇ ಆದರೂ ‘ಅಲೋ’ ಒತ್ತುವ ಮುನ್ನ ಯೋಚಿಸಿ. ನಾಳೆ ಕುತಂತ್ರಾಂಶವೇ ಇದೇ ಫೈಲನ್ನು ತಿದ್ದಿದರೂ ಡಿಫೆಂಡರ್ ಸುಮ್ಮನಿರಬಹುದು.

ಎಚ್ಚರಿಕೆ ಎಸ್‌ವಿಸಿಹೋಸ್ಟ್‌ನಂಥ (svchost.exe), ವಿಂಡೋಸ್ ನಡೆಯಲು ಬೇಕೇ ಬೇಕಾದ ಫೈಲಿನ ಬಗ್ಗೆಯಾದರೆ ಅಳಿಸಲೇಬೇಡಿ. 2010ರ ಏಪ್ರಿಲ್ 21ರಂದು ಆಂಟಿವೈರಸ್ ಕಂಪನಿ ಮೆಕಾಫಿಯ ದೋಷಪೂರಿತ ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಇದೇ ಫೈಲನ್ನು ವೈರಸ್ ಎಂದು ಭಾವಿಸಿ ಬದಿಗಿಟ್ಟಿತು. ಕಂಪ್ಯೂಟರ್‌ಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗತೊಡಗಿದವು. ಅಸಲಿ ಎಸ್‌ವಿಸಿಹೋಸ್ಟ್ ಇರುವುದು ಸಿಸ್ಟಂ32ರಲ್ಲಿ, 64 ಬಿಟ್ ವಿಂಡೋಸ್‌ನಲ್ಲಿ ಸಿಸ್‌ವಾವ್64 (SysWOW64) ಫೋಲ್ಡರಿನಲ್ಲೂ. ಅದೇ ಹೆಸರಿನ ಫೈಲ್ ಡೌನ್‌ಲೋಡ್ಸ್ ಅಥವಾ ಟೆಂಪ್ ಫೋಲ್ಡರಿನಲ್ಲಿ ಓಡುತ್ತಿದ್ದರೆ ವೇಷಧಾರಿ ಎಂದೇ ತಿಳಿದು ಕ್ವಾರಂಟೈನ್ ಮಾಡಿ.

ಆಮೇಲೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ (ವಿಂಡೋಸ್ ಆರಂಭವಾಗುವ ಮುನ್ನವೇ ನಡೆಯುವ ತಪಾಸಣೆ) ನಡೆಸಿ. ಅದು ಮುಗಿದ ನಂತರವೇ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಫ್‌ಸಿ ಸ್ಕ್ಯಾನ್‌ನೌ (sfc /scannow) ಆದೇಶ ಕೊಡಿ. ಹಾಳಾದ ಸಿಸ್ಟಂ ಫೈಲುಗಳನ್ನು ಅದು ದುರಸ್ತಿ ಮಾಡುತ್ತದೆ. ಕ್ರಮ ತಲೆಕೆಳಗಾದರೆ, ಒಳಗೆ ಉಳಿದ ಕುತಂತ್ರಾಂಶ ದುರಸ್ತಿಯಾದ ಫೈಲನ್ನು ಮತ್ತೆ ಕೆಡಿಸಬಹುದು.